ಕೆಂಚಕ್ಕ ಗವಿಮನೆ ಆರಿಸಿದ್ದು

ಲೇ ಜುಂಜಮ್ಮ, ಆ ಬಂಡೆ ಮ್ಯಾಲೆ ಮೆಣಸಿನಕಾಯಿ ಹರವಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಹಟ್ಟಿ ಸುತ್ತ ಇಷ್ಟಗಲ ನೆಲ ಬಿದ್ದೈತೆ, ಅಲ್ಲೆಲ್ಲಾದ್ರೂ ಒಣಗಾಕು. ಸೊಸೆಯಾಗಿ ಬಂದು ಇನ್ನೂ ಒಂದು ಸುಗ್ಗಿ ಕಂಡಿಲ್ಲ, ನಿಂಗೆ ಗೊತ್ತಿಲ್ಲ, ಬಿಡು. ಆದ್ರೆ ನಿಮ್ಮತ್ತೆ ಚಂದ್ರಕ್ಕ ಸುಮ್ಮಸುಮ್ಮನೆ ಬಾಯಿ ಬಡ್ಕಳ್ಳಲ್ಲ ಅನ್ನಾದಾದ್ರೂ ಗೊತ್ತಿರ್ಲಿ. ಎತ್ತು, ಎತ್ತು. ಹಾಂ, ಈಗ ಬಾ ಇಲ್ಲಿ, ಕುಂತ್ಕ. ಈ ಗೀಟುಗಳನ್ನ ನೋಡಿದ್ಯಾ?

ಇವು ಹುಲಿ-ಕುರಿ ಆಟದ ಮನೆಗಳು. ಯಾರ ಅಜ್ಜ ಕೊರೆದನೋ, ಯಾವ ಉಳೀಲಿ ಕೊರೆದನೋ, ನಾನು ಮದುವೆಯಾಗಿ ಬಂದಾಗ್ಲೇ ಹಿಂಗೇ ಸವೆದು ನುಣ್ಣಗಾಗಿದ್ವು. ಅಗೋ, ಅಷ್ಟು ದೊಡ್ಡದಾಗಿ ನಾಕೂ ಕಡೆ ರೆಕ್ಕೆ ಬಿಟ್ಕಂಡು ಐತಲ್ಲ, ಅದು ಬಯಲುಮನೆ. ನಡುವೆ ಇರಾದು ಚೌಕಮನೆ. ಇತ್ಲಾಗೆ ಮೂಲೆಯಾಗೆ, ಮ್ಯಾಲೆ ಚೂಪಾಗಿ ಕೆಳಗೆ ಅಗಲವಾಗಿ ಗುಡ್ಡದಂಗೆ ಐತಲ್ಲ, ಅದು ಗವಿಮನೆ. ಅದನ್ನ ಮಕ್ಕಳು ಬಿಟ್ರೆ ಯಾರೂ ಮುಟ್ತಿರ್ಲಿಲ್ಲ.

ಯಾವ ಮನೆಯಾಗೇ ಆಡು, ಹುಲಿ ಮೂರು, ಕುರಿ ಹದಿನೈದು. ಒಬ್ಬರು ಹುಲಿ ಹಿಡೀತಾರೆ, ಒಬ್ಬರು ಕುರಿ. ಇವರೊಂದು ಸಲ ನಡೆಸಿದ್ರೆ ಅವರೊಂದು ಸಲ. ಕುರಿ ಕಲ್ಲು ಮೊದಲು ಒಂದೊಂದೇ ಇಟ್ಟು, ಎಲ್ಲ ಇಟ್ಟ ಮ್ಯಾಲೆ ನಡೆಸಾದು. ಕುರಿ ಹಿಂದೆ ಜಾಗ ಖಾಲಿ ಬಿದ್ದಿದ್ರೆ ಹುಲಿ ಅದರ ಮ್ಯಾಲೆ ಹಾರಿ ತಿಂದಾಕ್ತೈತೆ. ಕುರಿಗಳೆಲ್ಲ ಸೇರಿ ಹುಲಿಗಳು ಎತ್ಲಾಗೂ ಅಲ್ಲಾಡದಂಗೆ ಕಟ್ಟಾಕಿದ್ರೆ ಕುರಿ ಗೆದ್ದಂಗೆ. ಇನ್ನೊಂದು ಕಟ್ಟಳೆ ಐತೆ, ಅದನ್ನ ಚೆನ್ನಾಗಿ ನೆಪ್ಪಿಟ್ಕ. ಮನೆ ಆರಿಸಾದು ಕುರಿ ಹಿಡಿದೋರು. ಹುಲಿ ಹಿಡಿದೋರು ಆ ವಿಷಯದಾಗೆ ತುಟಿ ಬಿಚ್ಚಂಗಿಲ್ಲ. ಹುಲಿಗೆ ಹೆಂಗೂ ಹಲ್ಲು ಐತೆ, ಕುರಿಗೆ ನೆಲ ಆರಿಸಾ ಹಕ್ಕಾದ್ರೂ ಇರ್ಲಿ ಅಂತ ಹಿರೀಕರು ಮಾಡಿಟ್ಟಿದ್ದು ಅಂತ ಕಾಣ್ತೈತೆ.

ಇನ್ನು ಕೆಂಚಕ್ಕ. ಆಚೆಮನೆ ಕೆಂಚಕ್ಕ ಕಣೆ, ನಿನ್ನ ಮದುವೆಯಾಗೆ ಚಪ್ಪರದ ಕೆಳಗೆ ನಿಂತ್ಕಂಡು ಅಷ್ಟು ಜೋರಾಗಿ ನಕ್ಕಳಲ್ಲ, ಓಲಗದೋರು ನುಡಿಸಾದು ನಿಲ್ಲಿಸಿ ತಿರುಗಿ ನೋಡಿದ್ರಲ್ಲ, ಅವಳೇ. ಧರ್ಮಪುರದ ಕಡೆ ಹಟ್ಟಿಯೋಳು, ಯಲ್ಲದಕೆರೆ ಹತ್ರದ ನಮ್ಮ ಹಟ್ಟಿಗೆ ಕೊಟ್ಟರು. ಆ ಕಡೆ ಆಂಧ್ರದ ಗಡಿ ಹತ್ರ ನೋಡು, ಮಾತಿನ ನಡುವೆ ತೆಲುಗು ನುಸುಳಾದು. ಸಾಕು ಅನ್ನಕ್ಕೆ "ಚಾಲು" ಅಂಬೋಳು. ಊಟಕ್ಕೆ ಬಡಿಸ್ತಾ ಇದ್ರೂ ಚಾಲು, ಯಾರಾದ್ರೂ ಸುಳ್ಳು ಬಿಡ್ತಾ ಇದ್ರೂ ಚಾಲು. ಮೊದಮೊದಲು ನಾವೆಲ್ಲ ಆಡ್ಕಂಡು ನಗೋರು. ಆಮ್ಯಾಲೆ ನಮ್ಮ ಬಾಯಿಗೂ ಅದೇ ಬಂದ್ಬಿಡ್ತು.

ಆಳು ಎತ್ತರ, ಪಾದ ದೊಡ್ಡದು. ಅವಳ ಅಳತೆಗೆ ಚಪ್ಪಲಿ ಹೊಲಿಯೋನು ಹೊಸದುರ್ಗದ ಸಂತೆಯಾಗೆ ಒಬ್ಬನೇ ಇದ್ದ, ಅವನೂ ಪ್ರತಿಸಲ ಗೊಣಗೋನು. ಗಂಡ ಜುಂಜಪ್ಪ ಹೂವಿನಂಥ ಮನುಷ್ಯ. ಯಾರಾದ್ರೂ ಎದುರು ನಿಂತು ಗಟ್ಟಿಯಾಗಿ ಮಾತಾಡಿದ್ರೆ ಇವನು ತಲೆ ಕೆರ್ಕಳ್ಳೋನು. ಸುಗ್ಗಿ ಮುಗಿದು ಮಂದೆ ಹೊರಡಿಸಾ ಹೊತ್ತಿಗೆ ಗಂಡಸರೆಲ್ಲ ಈ ಬಂಡೆ ಮ್ಯಾಲೆ ಕುಂತು ಯಾವ ದಿಕ್ಕು, ಎಲ್ಲಿ ನೀರು, ಯಾರ ಹೊಲದಾಗೆ ಬೀಡು ಅಂತ ಮಾತಾಡೋರು. ಜುಂಜಪ್ಪ "ನಾಳೆ ಹೇಳ್ತೀನ್ರಪ್ಪ" ಅಂತ ಎದ್ದು ಹೋಗೋನು. ಮಾರನೇ ದಿನ ಬಂದು ಖಡಾಖಂಡಿತವಾಗಿ ಹೇಳೋನು, ಈ ವರ್ಷ ಮಾರಿಕಣಿವೆ ಕಾಲುವೆ ಕಡೆ ಅಂತಲೋ, ಹೊರಕೆರೆದೇವಪುರದ ಗುಡ್ಡದ ಕಡೆ ಅಂತಲೋ. ರಾತ್ರಿ ಕಳೆದು ಬೆಳಗಾಗದರಾಗೆ ಅವನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರ್ತಿತ್ತು ಅಂತ ಒಬ್ಬ ಗಂಡಸಾದ್ರೂ ಕೇಳಬ್ಯಾಡ್ವಾ? ಕೇಳಲಿಲ್ಲ. ನಮಗೆ ಹೆಂಗಸರಿಗೆ ಗೊತ್ತಿತ್ತು. ಆ ಮನೆಯಾಗೆ ನೆಲ ಆರಿಸ್ತಿದ್ದೋಳು ಕೆಂಚಕ್ಕ.

ಆಟ ಅವಳಿಗೆ ಯಾರೂ ಕಲಿಸಲಿಲ್ಲ. ಈ ಬಂಡೆ ಗಂಡಸರ ಜಾಗ, ನಾವು ದೂರದಿಂದ ಇಣುಕಿ ನೋಡೋರು ಅಷ್ಟೆ. ಅವಳು ಇಣುಕಿ ನೋಡಿ ನೋಡಿ ಮೂರೂ ಮನೆ ತಲೇಲಿ ಬರ್ಕಂಡು ಹೋದ್ಲು. ಕುರಿ ಮೇಯಿಸಾ ಜಾಗದಾಗೆ ಕೋಲಿನ ತುದೀಲಿ ಮಣ್ಣಿನ ಮ್ಯಾಲೆ ಗೀಚೋಳು. ಕುರಿಗೆ ಕುರಿಪಿಕ್ಕೆ, ಹುಲಿಗೆ ಕರೀ ಕಲ್ಲು. ಎದುರಿಗೆ ಯಾರೂ ಇಲ್ಲ! ಈ ಕಡೆ ಕುಂತು ಕುರಿ ನಡೆಸಾದು, ಎದ್ದು ಹೋಗಿ ಆ ಕಡೆ ಕುಂತು ಹುಲಿ ನಡೆಸಾದು. ಒಂದಿನ ನಾನು ನನ್ನ ಮರಿ ಹುಡುಕ್ಕಂಡು ಹೋದೋಳು ಇದನ್ನ ಕಂಡು, ಇವಳಿಗೆ ಗಾಳಿಗೀಳಿ ಮೆಟ್ಕಂತಾ ಅಂತ ಗಾಬರಿಯಾದೆ.

"ಯಾರು ಗೆದ್ರವ್ವ?" ಅಂತ ಕೇಳಿದೆ.

"ಹುಲಿ ಗೆದ್ರೂ ನಾನೇ, ಕುರಿ ಗೆದ್ರೂ ನಾನೇ. ನಂಗೆ ಸೋಲೇ ಇಲ್ಲ ಕಣೆ ಚಂದ್ರಿ" ಅಂತ ನಕ್ಕಳು. ಆ ನಗೆಗೆ ಮೇಯ್ತಿದ್ದ ಕುರಿಗಳು ತಲೆ ಎತ್ತಿದ್ವು.

ಹಿಂಗಿತ್ತು ಸಂಸಾರ. ಚೆನ್ನಾಗೇ ಇತ್ತು. ಒಂದು ವರ್ಷ ಬೇಸಿಗೆಯಾಗೆ ಮಂದೆ ಜತೆ ಹೊಸದುರ್ಗದ ಕಡೆ ಇದ್ದಾಗ ಜುಂಜಪ್ಪನಿಗೆ ಜ್ವರ ಬಂತು. ಮಲಗಿದೋನು ಏಳಲಿಲ್ಲ. ಕೆಂಚಕ್ಕ ಮಂದೇನ ಒಬ್ಬಳೇ ಹೊಡ್ಕಂಡು ಹಟ್ಟಿಗೆ ಬಂದ್ಲು, ಗಂಡನ ಕೋಲು ಬಲಗೈಯಾಗೆ, ತನ್ನ ಕೋಲು ಎಡಗೈಯಾಗೆ. ರೊಪ್ಪದ ಬೇಲಿ ಬಾಗಿಲು ಮುಚ್ಚಿ, ಕುರಿಗಳನ್ನ ಎಣಿಸಿ, ಆಮ್ಯಾಲೆ ಕುಂತು ಅತ್ತಳು.

ಈಗ ಕಾಟಲಿಂಗಪ್ಪ ಬಂದ ನೋಡು. ಜುಂಜಪ್ಪನ ಅಣ್ಣ, ಕೆಂಚಕ್ಕಗೆ ಭಾವ. ಕೆಟ್ಟೋನು ಅಂತ ನಾನು ಹೇಳಲ್ಲ. ತಮ್ಮ ಸತ್ತಾಗ ಮೀಸೆ ಬೋಳಿಸಿಕೊಂಡು ಮೂಲೆಯಾಗೆ ಕುಂತಿದ್ದ, ಅನ್ನ ಮುಟ್ಟಲಿಲ್ಲ. ಆದ್ರೆ ಅವನಿಗೆ ತಾನು ಹೇಳಿದ್ದೇ ಆಗ್ಬೇಕು ಅಂಬೋ ಕಾಯಿಲೆ. ಹಿರಿಯೂರಿಂದ ಒಂದು ಟ್ರಾನ್ಸಿಸ್ಟರ್ ತಂದಿದ್ದ, ಅದರಾಗೆ ವಾರ್ತೆ ಓದೋನು ಮಾತಾಡ್ತಾ ಇದ್ರೆ ಇವನು ಅವನಿಗಿಂತ ಗಟ್ಟಿಯಾಗಿ "ಅಲ್ಲ ಅಲ್ಲ, ಹಂಗಲ್ಲ" ಅಂಬೋನು. ಈ ಬಂಡೆ ಮ್ಯಾಲೆ ಹುಲಿ ಹಿಡಿದ್ರೆ ಅವನನ್ನ ಸೋಲಿಸಿದ ಗಂಡಸು ನಮ್ಮ ಹಟ್ಟಿಯಾಗೂ ಇರಲಿಲ್ಲ, ಸುತ್ತಲಿನ ಹಟ್ಟಿಯಾಗೂ ಇರಲಿಲ್ಲ. ಕುರಿ ಹಿಡಿದೋರೆಲ್ಲ ಬಯಲುಮನೇನೇ ಆರಿಸೋರು, ಇವನು ಎಲ್ಲರನ್ನೂ ತಿಂದು ಮೀಸೆ ಒರೆಸ್ಕಳ್ಳೋನು. ನಿನ್ನ ಮಾವ ಪಾಲಣ್ಣನೂ ಎಷ್ಟು ಸಲ ಸೋತು ಬಂದು ಮನೆಯಾಗೆ ನನ್ನ ಮ್ಯಾಲೆ ಹಾರಾಡಿಲ್ಲ!

ದೀಪಾವಳಿ ಕಳೀತು. ನಮ್ಮಲ್ಲಿ ಹಬ್ಬ ಆದ ಮ್ಯಾಲೆ ಆ ವರ್ಷದ ಮರಿಗಳಿಗೆ ಕಿವಿಗುರುತು ಹಾಕ್ತಾರೆ, ನಿನ್ನ ತೌರಾಗೂ ನೋಡಿರ್ತೀಯ. ಒಂದೊಂದು ಮನೆಗೆ ಒಂದೊಂದು ಗುರುತು. ಜುಂಜಪ್ಪನ ಮನೇದು ಬಲಗಿವಿ ತುದಿ ಸೀಳು, ಕಾಟಲಿಂಗಪ್ಪಂದು ಎಡಗಿವಿ ಅಂಚಿಗೆ ಕಚ್ಚು. ಗುರುತು ಬಿದ್ದ ಮ್ಯಾಲೆ ಮುಗೀತು, ಸಾಯಾವರೆಗೂ ಆ ಕುರಿ ಆ ಮನೇದೇ. ಹಬ್ಬದ ಮಾರನೇ ದಿನ ಬೆಳಗ್ಗೆ ನಾನು ಕಸ ಗುಡಿಸ್ತಾ ಇದ್ದೆ, ಕಾಟಲಿಂಗಪ್ಪ ಚೂರಿ ಮಸೆದುಕೊಂಡು ಕೆಂಚಕ್ಕನ ರೊಪ್ಪದ ಕಡೆ ಹೋಗಾದು ಕಾಣ್ತು. ಪೊರಕೆ ಅಲ್ಲೇ ಬಿಸಾಕಿ ಹಿಂದೇನೇ ಓಡಿದೆ.

ಕೆಂಚಕ್ಕ ರೊಪ್ಪದ ಬಾಗಿಲಾಗೆ ನಿಂತಿದ್ಲು.

"ಸರಿ ಅತ್ಲಾಗೆ," ಅಂದ ಅವನು. "ಮರಿಗಳಿಗೆ ಗುರುತು ಹಾಕ್ಬೇಕು."

"ಯಾರ ಗುರುತು ಭಾವ?"

"ಯಾರ್ದೇನು ಯಾರ್ದು? ನಂದೇ. ಈ ಸುಗ್ಗೀಲಿ ನಿನ್ನ ಮಂದೆ ನನ್ನ ಮಂದೆ ಒಟ್ಟಿಗೆ ಸೇರಿಸ್ತೀನಿ. ನೀನು ಮನೆಯಾಗಿದ್ದು ಮುದ್ದೆ ತಿರುವು, ನಾನು ನೋಡ್ಕಂತೀನಿ. ತಮ್ಮನ ಹೆಂಡತೀನ ಬೀದಿಗೆ ಬಿಡ್ತೀನಾ?"

"ನನ್ನ ಮರಿ ಮುಟ್ಟಬ್ಯಾಡ ಭಾವ."

ಇಷ್ಟೇ ಅಂದ್ಲು, ಕೂಗಲಿಲ್ಲ. ಕೂಗಿದ್ದು ನಾನು. ಅವನ ಹೆಸರು, ಅವನ ಚೂರಿ, ಅವನ ಟ್ರಾನ್ಸಿಸ್ಟರ್ ಎಲ್ಲ ಸೇರಿಸಿ ಬೈದೆ. ಹಟ್ಟಿ ಮಂದಿಯೆಲ್ಲ ಕೂಡಿಬಿಟ್ರು. ನಿನ್ನ ಮಾವ ನನ್ನ ಸೆರಗು ಹಿಡಿದು ಎಳೆದ, "ಲೇ, ಅದು ಅವರ ಮನೆ ವಿಷಯ" ಅಂತ. ಅವರ ಮನೆ ವಿಷಯವಂತೆ! ಒಂದು ಹೆಂಗಸಿನ ಮಂದೆಗೆ ಬೇರೆಯೋನ ಕಚ್ಚು ಬೀಳ್ತಾ ಇದ್ರೆ ಅದು ಎಲ್ಲ ಹೆಂಗಸರ ವಿಷಯ ಕಣೋ ಅಂದೆ. ಮನೆಗೆ ಹೋದ ಮ್ಯಾಲೆ ಇನ್ನೂ ಬೇಕಾದಷ್ಟು ಅಂದೆ, ಅದು ಬಿಡು.

ಕೊನೆಗೆ ಹಟ್ಟಿ ಹಿರಿಯ ಚಿತ್ತಯ್ಯನ ಹತ್ರ ಹೋಯ್ತು ನ್ಯಾಯ. ಅವನು ಈ ಬಂಡೆ ಮ್ಯಾಲೆ ಕರೀ ಕಂಬಳಿ ಹಾಸಿಸಿದ. ಕಂಬಳಿ ಹಾಸಿದ್ರೆ ನಮ್ಮೋರಿಗೆ ಅದು ಗದ್ದುಗೆ ಇದ್ದಂಗೆ. ಅದರ ಮ್ಯಾಲೆ ಕುಂತು ಆಡಿದ ಮಾತು ವಾಪಸ್ ತಗಳ್ಳಂಗಿಲ್ಲ, ತಮಾಷೆಗೆ ಅಂದೆ ಅನ್ನಂಗೂ ಇಲ್ಲ. ಕಾಟಲಿಂಗಪ್ಪ ಕಂಬಳಿ ನಡುವೆ ಕುಂತ. ಕೆಂಚಕ್ಕ ಬಂಡೆ ಕೆಳಗೆ ನಿಂತ್ಲು.

"ಏನಪ್ಪ ಕಾಟಲಿಂಗ, ಅವಳ ಮಂದೆ ಅವಳು ಕಾಯ್ಕಳ್ಳಕ್ಕೆ ನಿಂದೇನು ತಕರಾರು?" ಅಂತ ಚಿತ್ತಯ್ಯ ಕೇಳಿದ.

"ಕಾಯ್ಲಿ, ಯಾರು ಬ್ಯಾಡ ಅಂದ್ರು? ಕುರಿ ಹಿಂದೆ ಕೋಲು ಹಿಡ್ಕಂಡು ಯಾರು ಬೇಕಾದ್ರೂ ನಡೀಬಹುದು. ನೆಲ ಆರಿಸೋರು ಯಾರು? ಹೊಸದುರ್ಗದ ಕಡೆ ಹೋಗಾದೋ, ಧರ್ಮಪುರದ ಕಡೆಯೋ, ಎಲ್ಲಿ ತಂಗಾದು, ಎಲ್ಲಿಂದ ಜಾಗ ಖಾಲಿ ಮಾಡಾದು, ಇದೆಲ್ಲ ಹೆಂಗಸಿಗೆ ತಿಳೀತೈತಾ? ನನ್ನ ತಮ್ಮನಿಗೆ ಅದು ಚೆನ್ನಾಗಿ ತಿಳೀತಿತ್ತು. ಇವಳಿಗೆ ಎಲ್ಲಿಂದ ಬರ್ಬೇಕು?"

ಹೆಂಗಸರ ಗುಂಪಿನಾಗೆ ಯಾರೋ ಕಿಸಕ್ ಅಂದ್ರು. ನಾನೇ ಇರ್ಬೇಕು.

ಅಲ್ಲಿಗೆ ಸುಮ್ಮನಿದ್ದಿದ್ರೆ ಅವನು ಗೆದ್ದು ಹೋಗ್ತಿದ್ದ ಕಣೆ ಜುಂಜಮ್ಮ. ಹಿರಿಯರು ತಲೆ ಆಡಿಸ್ತಾ ಇದ್ರು. ಆದ್ರೆ ಅವನಿಗೆ ನಾಲಿಗೆ ನಿಲ್ಲಲ್ಲ. ಪಕ್ಕದಾಗಿದ್ದ ಆಟದ ಗೀಟು ತೋರಿಸಿ ಮೀಸೆ ತಿರುವಿ ಅಂದ, "ಜೀವದ ಕುರಿ ಹಂಗಿರ್ಲಿ. ಈ ಕಲ್ಲಿನ ಕುರೀನ ನನ್ನ ಹುಲಿ ಕೈಯಿಂದ ಉಳಿಸ್ಕಳ್ಳಿ ನೋಡಾಣ. ಉಳಿಸ್ಕಂಡ್ರೆ ಮಂದೇನೂ ಅವಳದೇ, ಗುರುತೂ ಅವಳದೇ. ನಾನು ಚೂರಿ ಮುಟ್ಟಲ್ಲ."

ಗಂಡಸರೆಲ್ಲ ನಕ್ರು. ಚಿತ್ತಯ್ಯ ನಗಲಿಲ್ಲ.

"ಕಂಬಳಿ ಮ್ಯಾಲೆ ಕುಂತು ಅಂದಿದ್ದೀಯ ಕಾಟಲಿಂಗ," ಅಂದ.

ಕಾಟಲಿಂಗಪ್ಪ ಕೆಳಗೆ ಕಂಬಳಿ ನೋಡಿದ. ಮುಖದ ಮ್ಯಾಲಿನ ನಗೆ ಒಂಚೂರು ಇಳೀತು. ಆದ್ರೂ ಅವನು ಸೋತೋನೇ ಅಲ್ಲವಲ್ಲ, "ಅಂದೆ, ಏನೀಗ?" ಅಂದ.

"ನೀನೇನಂತೀಯವ್ವ?"

"ಆಗ್ಲಿ," ಅಂದ್ಲು ಕೆಂಚಕ್ಕ. ಚಪ್ಪಲಿ ಕೆಳಗೆ ಬಿಟ್ಟು ಬಂಡೆ ಹತ್ತಿದ್ಲು. ನಾನು ಈ ಹಟ್ಟಿಗೆ ಬಂದ ಮ್ಯಾಲೆ ಒಂದು ಹೆಂಗಸು ಈ ಬಂಡೆ ಹತ್ತಿದ್ದು ಅದೇ ಮೊದಲು. ಇವಳು ಅವನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಂತ್ಲು, ಮನೆ ಜಗಲಿ ಮ್ಯಾಲೆ ಅವರೆಕಾಯಿ ಬಿಡಿಸಕ್ಕೆ ಕುಂತಂಗೆ.

ಹದಿನೈದು ಬೆಣಚುಕಲ್ಲು ಅವಳ ಮಡಿಲಿಗೆ ಹಾಕಿದ್ರು. ಕಾಟಲಿಂಗಪ್ಪ ಮೂರು ಕರೀಕಲ್ಲು ಅಂಗೈಯಾಗೆ ಕುಲುಕ್ತಾ, "ಆರಿಸ್ಕಳವ್ವ ಆರಿಸ್ಕ, ಕುರಿ ನಿಂದು. ಯಾವ ಮನೆಯಾದ್ರೇನು ನಂಗೆ" ಅಂದ. ಅಂದು, ತಾನೇ ಬಯಲುಮನೆ ಕಡೆ ತಿರುಗಿ ಕುಂತ. ಎಲ್ಲರೂ ಅದನ್ನೇ ತಾನೆ ಆರಿಸಾದು.

ಕೆಂಚಕ್ಕ ಅಲ್ಲಾಡಲಿಲ್ಲ. ಬೆರಳು ತೋರಿಸಿದ್ದು ಈ ಮೂಲೆ ಕಡೆ.

"ಗವಿಮನೆ."

ಅಯ್ಯೋ ನಮ್ಮಪ್ಪ, ಆಗ ಎದ್ದ ಗಲಾಟೆ ನೀನು ಕೇಳ್ಬೇಕಿತ್ತು! "ಕುರಿ ಹೊಡ್ಕಂಡು ಹುಲಿ ಗವಿ ಒಳಗೇ ಹೊಂಟ್ಲಲ್ಲೋ" ಅಂತ ಒಬ್ಬ. "ಮೇವಿಲ್ಲ ನೀರಿಲ್ಲ, ಅಲ್ಲೇನು ಮೇಯಿಸ್ತಾಳೆ?" ಅಂತ ಇನ್ನೊಬ್ಬ. ನಿನ್ನ ಮಾವನೂ ಹಣೆ ಚಚ್ಚಿಕೊಂಡು, "ಬಯಲಾಗೆ ಬಿಡು ತಾಯಿ, ಬಯಲಾಗಾದ್ರೆ ನಾಕು ಕುರಿಯಾದ್ರೂ ಚೆದರಿ ಬದುಕ್ತವೆ" ಅಂತ ಕೂಗಿದ. ನನಗೂ ಹೆದರಿಕೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಇವಳು ಹೆದರಿ ಬುದ್ಧಿ ಕಳ್ಕಂಡ್ಲಾ ಅನ್ನಿಸ್ತು.

ಅವಳು ತಲೆ ಎತ್ತಲಿಲ್ಲ. ಮೊದಲನೇ ಬೆಣಚುಕಲ್ಲು ಗವಿಯ ಬುಡದಾಗೆ, ಕೆಳಗಿನ ಸಾಲಿನ ತುದೀಲಿ ಇಟ್ಲು. ಅವನ ಹುಲಿಗಳು ಮ್ಯಾಲೆ ಶಿಖರದಾಗೆ. ಎರಡನೇ ಕಲ್ಲು ಇನ್ನೊಂದು ತುದೀಲಿ. ಅವನು ಇಳಿದು ಬಂದ. ಅವಳು ಅಂಚು ಬಿಡಲಿಲ್ಲ. ಅಂಚಿನಾಗಿರೋ ಕುರಿ ಮ್ಯಾಲೆ ಹಾರಿದ್ರೆ ಬೀಳಕ್ಕೆ ಆಚೆ ಜಾಗ ಇಲ್ಲವಲ್ಲ, ಹುಲಿ ಬಾಯಿ ತಕ್ಕಂಡು ಸುಮ್ಮನೆ ನಿಲ್ಲಬೇಕು. ಆಮ್ಯಾಲೆ ಒಂದು ಕಲ್ಲು ತಗಂಡು ನಡುಮಧ್ಯ, ಅವನ ಹುಲಿ ಮೂತಿ ಮುಂದೇನೇ ಇಟ್ಟುಬಿಟ್ಲು. ಅವನು ಗಬಕ್ ಅಂತ ಹಾರಿ ತಿಂದ. ಸುತ್ತ ನಿಂತ ಗಂಡಸರೆಲ್ಲ "ಚ್ಚ್ ಚ್ಚ್ ಚ್ಚ್" ಅಂತ ಲೊಚಗುಟ್ಟಿದ್ರು. ಕುರಿ ಕಾಯೋರು ನೋಡು, ಕಲ್ಲಿನ ಕುರಿ ಹೋದ್ರೂ ಅವರಿಗೆ ಕರುಳು ಚುರ್ ಅಂತೈತೆ. ಅವಳು ಇನ್ನೊಂದು ಇಟ್ಲು, ಅದನ್ನೂ ತಿಂದ.

"ಎರಡು ಮರಿ ಹೋದ್ವಲ್ಲವ್ವ," ಅಂತ ಕಾಟಲಿಂಗಪ್ಪ ನಕ್ಕ. "ಹಿಂಗೇ ಕಾಯಾದಾ ನೀನು?"

"ಕಲ್ಲು ಭಾವ ಅವು," ಅಂದ್ಲು ಕೆಂಚಕ್ಕ. "ಮರಿ ನನ್ನ ರೊಪ್ಪದಾಗೆ ಅವೆ."

ಆಗಲೂ ಅವನಿಗೆ ತಿಳೀಲಿಲ್ಲ. ನನಗೂ ತಿಳೀಲಿಲ್ಲ. ಎರಡು ಕುರಿ ತಿಂದ ಹುಲಿ ಎರಡು ಸಲ ಹಾರಿ ಹೋಗಿ ಬಿದ್ದದ್ದು ಎಲ್ಲಿ? ಗವಿಯ ಮೂಲೆಯಾಗೆ. ಇವಳು ಅದರ ಹಿಂದೇನೇ ಒಂದರ ಬೆನ್ನಿಗೊಂದು ಎರಡು ಕಲ್ಲು ತಂದು ಮುಚ್ಚಿದ್ಲು. ಒಂದು ಕುರಿ ಮ್ಯಾಲಾದ್ರೆ ಹಾರ್ಬಹುದು, ಜೋಡಿ ಕುರಿ ಮ್ಯಾಲೆ ಹಾರಂಗಿಲ್ಲ. ಒಂದು ಹುಲಿ ಕೂತಲ್ಲೇ ಕೂತ್ಕಂತು.

ಲೊಚಗುಟ್ತಾ ಇದ್ದೋರು ಹತ್ರಕ್ಕೆ ಸರಿದ್ರು. ಕಾಟಲಿಂಗಪ್ಪ ಮುಂದಕ್ಕೆ ಬಗ್ಗಿದ.

ಆಮ್ಯಾಲೆ ಅವನು ಹುಷಾರಾದ. ಹುಷಾರಾಗಿ ಏನು ಮಾಡ್ತಾನೆ, ಓಡಾಡಕ್ಕೆ ಜಾಗ ಬೇಕಲ್ಲ! ಬಯಲುಮನೆಯಾಗೆ ಅವನ ಹುಲಿ ಅತ್ಲಾಗೆ ನಾಕು ದಾರಿ ಇತ್ಲಾಗೆ ನಾಕು ದಾರಿ ಅಂತ ಕುಣೀತಿತ್ತು. ಇಲ್ಲಿ ಮ್ಯಾಲೆ ಹೋದಷ್ಟೂ ಗವಿ ಕಿರಿದಾಗ್ತೈತೆ. ಅವಳು ಕೆಳಗಿಂದ ಸಾಲು ಸಾಲಾಗಿ ಕಲ್ಲು ಏರಿಸ್ತಾ ಬಂದ್ಲು, ಸಾಯಂಕಾಲ ಕುರಿ ರೊಪ್ಪಕ್ಕೆ ತುಂಬಿಸ್ತೀವಲ್ಲ, ಥೇಟ್ ಹಂಗೆ. ನಡುವೆ ಇನ್ನೊಂದು ಕುರಿ ಹೋಯ್ತು. ಎರಡನೇ ಹುಲಿಗೂ ದಾರಿ ಮುಚ್ತು. ಮೂರನೇದು ಶಿಖರಕ್ಕೆ ಹತ್ತಿ ಕುಂತ್ಕಂತು, ತನ್ನ ಮನೆ ತನ್ನನ್ನ ಕಾಪಾಡ್ತೈತೆ ಅನ್ನಂಗೆ.

ನಿನ್ನ ಮಾವ ನನ್ನ ಪಕ್ಕಕ್ಕೆ ಬಂದು ಮೆತ್ತಗೆ, "ಅಲ್ಲ ಕಣೆ, ಇಷ್ಟು ವರ್ಷ ನಾವ್ಯಾಕೆ ಬಯಲುಮನೇನೇ ಆರಿಸ್ತಿದ್ವಿ?" ಅಂದ.

ಕೆಂಚಕ್ಕನ ಕಿವಿ ಚುರುಕು. ಕಲ್ಲು ನಡೆಸ್ತಾನೇ ಹೇಳಿದ್ಲು, "ನೀವು ಕುರಿ ಅಂದ ತಕ್ಷಣ ಮೇವು ನೋಡ್ತೀರಿ ಪಾಲಣ್ಣ. ಅಗಲವಾದ ಬಯಲು ಕಂಡ್ರೆ ನಿಮ್ಮ ಕೈ ತಾನಾಗೇ ಅತ್ಲಾಗೆ ಹೋಗ್ತೈತೆ. ಈ ಕುರಿ ಮೇಯಾಕೆ ಬಂದಿಲ್ಲ, ಹುಲಿ ಕಟ್ಟಾಕಕ್ಕೆ ಬಂದವೆ. ಬಯಲಾಗೆ ಹುಲೀನ ಕಟ್ಟಾಕೋದು ಹೆಂಗೆ?"

ಹುಟ್ಟಿದಾಗಿಂದ ಕುರಿ ಕಾದ ಗಂಡಸರು, ಒಬ್ಬನಿಗೂ ಇದು ಹೊಳೆದಿರಲಿಲ್ಲ. ಕುರಿ ಕಾಯದೋನು ಯಾರಾದ್ರೂ ಆಗಿದ್ರೆ ಎಂದೋ ಹೊಳೀತಿತ್ತೋ ಏನೋ.

ಕೊನೇ ಕಲ್ಲು ಅವಳು ಜಾರಿಸಿದ್ದು ನನ್ನ ಕಣ್ಣಿಗೆ ಕಟ್ಟಿದಂಗೈತೆ. ಶಿಖರದ ಕೆಳಗೆ ಒಂದೇ ಒಂದು ದಾರಿ ಉಳಿದಿತ್ತು. ಬೆಣಚುಕಲ್ಲು ಬೆರಳ ತುದೀಲಿ ಒತ್ತಿ ಅಲ್ಲಿಗೆ ಸರಿಸಿದ್ಲು, ಕೈ ಹಿಂದಕ್ಕೆ ತಗಂಡ್ಲು.

"ಚಾಲು ಭಾವ," ಅಂದ್ಲು.

ಕಾಟಲಿಂಗಪ್ಪ ಆ ಹುಲಿ ನೋಡಿದ, ಈ ಹುಲಿ ನೋಡಿದ. ಕೈ ಚಾಚಿದ, ಹಿಂದಕ್ಕೆ ತಗಂಡ. ಮತ್ತೆ ಚಾಚಿದ. ಎತ್ಲಾಗೆ ನಡೆಸ್ತಾನೆ? ಮೂರೂ ಹುಲಿ ಗವಿಯಾಗೆ ಬಂದಿ. ಹೆಂಗಸರೆಲ್ಲ ಓ ಅಂತ ಕೂಗಿದ್ವಿ. ನಾನಂತೂ ಕುಣಿದುಬಿಟ್ಟೆ ಕಣೆ, ಸೆರಗು ಎಲ್ಲಿ ಹೋಯ್ತೋ, ತುರುಬು ಎಲ್ಲಿ ಹೋಯ್ತೋ.

ಚಿತ್ತಯ್ಯ ಗಂಟಲು ಸರಿ ಮಾಡ್ಕಂಡ. "ಮಂದೆ ಕೆಂಚಕ್ಕಂದು. ಮರಿಗಳಿಗೆ ಬಲಗಿವಿ ಸೀಳು," ಅಂದ. ಕಾಟಲಿಂಗಪ್ಪ ಸೊಂಟದಾಗಿದ್ದ ಚೂರಿ ತೆಗೆದು ಕಂಬಳಿ ಮ್ಯಾಲಿಟ್ಟ. ಅಷ್ಟರಮಟ್ಟಿಗೆ ಮಾತಿನ ಮನುಷ್ಯ, ಇಲ್ಲ ಅನ್ನಂಗಿಲ್ಲ. ಅದೇ ಚೂರೀಲಿ ಕೆಂಚಕ್ಕ ಆವತ್ತು ಮಧ್ಯಾಹ್ನ ಮರಿಗಳ ಕಿವಿಗೆ ಗುರುತು ಹಾಕಿದ್ಲು. ಒಂದೊಂದು ಮರೀನ ತೊಡೆ ಮ್ಯಾಲೆ ಮಲಗಿಸ್ಕಂಡು, ಸೀಳಿದ ಜಾಗಕ್ಕೆ ಅರಿಶಿನ ಮೆತ್ತಿ, ಮೂತಿಗೆ ಮುತ್ತು ಕೊಟ್ಟು ಬಿಡ್ತಿದ್ಲು. ನಾನು ಹಿಡ್ಕಳ್ಳಕ್ಕೆ ಹೋಗಿದ್ದೆ. ಆಗ ಅವಳ ಕಣ್ಣಾಗೆ ನೀರು ಬಂತು, ಆಟದ ಹೊತ್ತಿನಾಗೆ ಬರದೇ ಇದ್ದದ್ದು.

ಮುಗೀತು ಅಂದ್ಕಂಡ್ಯಾ? ಇರು.

ಕಡ್ಲೆಕಾಯಿ ಕಿತ್ತು ಹೊಲ ಖಾಲಿ ಆದ್ವು. ಮಂದೆ ಹೊರಡಿಸಾ ದಿನ ಬಂತು. ಎಲ್ಲ ಮಂದೇನೂ ಹಟ್ಟಿ ಮುಂದೆ ನಿಂತಿದ್ವು, ಧೂಳೋ ಧೂಳು. ಕಾಟಲಿಂಗಪ್ಪ ತನ್ನ ಮಂದೆ ಮುಂದೆ ಟ್ರಾನ್ಸಿಸ್ಟರ್ ನೇತಾಕ್ಕಂಡು ನಿಂತಿದ್ದ. ಸೋತದ್ದು ಇನ್ನೂ ಗಂಟಲಾಗೆ ಸಿಕ್ಕಂಡಿತ್ತು ಅನ್ಸ್ತೈತೆ. ಎಲ್ಲರಿಗೂ ಕೇಳಂಗೆ ಅಂದ, "ನಾನಂತೂ ಧರ್ಮಪುರದ ಬಯಲಿಗೆ ಹೊಂಟೆ. ನಮ್ಮ ಕೆಂಚಕ್ಕ ಯಾವ ಗವಿ ಆರಿಸ್ಯಾಳೋ? ಹೊಸದುರ್ಗದ ಗುಡ್ಡದ ಸಂದಿಯಾ?"

ಗಂಡಸರೆಲ್ಲ ಅವಳ ಮುಖ ನೋಡಿದ್ರು. ನಿಜ ಹೇಳ್ತೀನಿ, ಅವರೂ ಅದನ್ನೇ ಅಂದ್ಕಂಡಿದ್ರು. ಕೆಂಚಕ್ಕ ಗವಿ ಆರಿಸಿ ಗೆದ್ದೋಳು, ಇನ್ನು ಮ್ಯಾಲೆ ಕಿರಿದಾದ ಕಣಿವೇನೇ ಸರಿ ಅಂತ ಇಬ್ಬರು ಮೂವರು ತಮ್ಮ ಮಂದೇನೂ ಆ ಕಡೆಗೆ ತಿರುಗಿಸ್ಕಂಡು ನಿಂತಿದ್ರು. ನಿನ್ನ ಮಾವನೂ ಅವರಾಗೊಬ್ಬ, ಕೇಳು ಬೇಕಾದ್ರೆ.

ಕೆಂಚಕ್ಕ ಗಂಡನ ಕೋಲು ಹೆಗಲಿಗೇರಿಸಿದ್ಲು. "ಧರ್ಮಪುರ," ಅಂದ್ಲು.

"ಆಂ?"

"ಇವು ಜೀವದ ಕುರಿ ಭಾವ, ಮೇಯಾ ಕುರಿ. ಇವಕ್ಕೆ ಬಯಲು ಬೇಕು. ಈ ಸಲ ಮಳೆ ಆ ಕಡೆ ಚೆನ್ನಾಗಾಗೈತೆ, ಹೊಲದಾಗೆ ಕಡ್ಲೆಕಾಯಿ ಬಳ್ಳಿ ಉಳಿದೈತೆ. ನನ್ನ ತೌರಿನ ಸೀಮೆ, ಎಲ್ಲಿ ಬಾವಿ ಐತೆ, ಯಾರು ಗೊಬ್ಬರಕ್ಕೆ ತಮ್ಮ ಹೊಲದಾಗೆ ಮಂದೆ ಬಿಡಿಸ್ಕಂತಾರೆ ಅಂತ ನಂಗೆ ಗೊತ್ತೈತೆ."

ಕಾಟಲಿಂಗಪ್ಪ ಕೆಂಡದಂಗಾದ. "ಅಲ್ಲವ್ವ, ನಾನು ಮೊದಲಿಂದ ಅದನ್ನೇ ಹೇಳ್ತಾ ಇದ್ನಲ್ಲ! ನನ್ನ ಮಂದೆ ಜತೆ ಸೇರಿಸಿದ್ದಿದ್ರೂ ಅಲ್ಲಿಗೇ ತಾನೆ ಹೋಗ್ತಿದ್ದದ್ದು? ಇಷ್ಟಕ್ಕೆ ಅಷ್ಟು ದೊಡ್ಡ ರಾದ್ಧಾಂತ ಯಾಕೆ ಬೇಕಾಗಿತ್ತು?"

ಕೆಂಚಕ್ಕ ಅವನ ಮುಖ ನೋಡಿದ್ಲು. ಸಿಟ್ಟು ಇರಲಿಲ್ಲ ಅವಳಿಗೆ.

"ಭಾವ, ಆಟದಾಗೆ ಮನೆ ಆರಿಸೋರು ಯಾರು?"

ಚಿಕ್ಕಂದಿನಿಂದ ಆಡಿದ ಆಟ, ಉತ್ತರ ಬಾಯಿಗೆ ತಾನಾಗೇ ಬಂತು.

"ಕುರಿ ಹಿಡಿದೋರು," ಅಂದ.

"ಹಾಂ," ಅಂದ್ಲು ಕೆಂಚಕ್ಕ. ಹುರ್ರ್ ಅಂತ ಮಂದೇನ ಎಬ್ಬಿಸಿದ್ಲು. ಬಲಗಿವಿ ಸೀಳಿದ ಮರಿಗಳೆಲ್ಲ ತಾಯಿ ಹಿಂದೆ ಕುಪ್ಪಳಿಸ್ತಾ ಹೊಂಟ್ವು, ಅವಳು ದೊಡ್ಡ ಹೆಜ್ಜೆ ಹಾಕ್ತಾ ಮುಂದೆ. ಕಾಟಲಿಂಗಪ್ಪ ಟ್ರಾನ್ಸಿಸ್ಟರ್ ಕಿವಿ ತಿರುಪಿ ಬಾಯಿ ಮುಚ್ಚಿಸಿ, ತನ್ನ ಮಂದೇನ ಅವಳ ಮಂದೆ ಹಿಂದಕ್ಕೆ ಹೊಡ್ಕಂಡ.